ಮಂಡಿಯ ಸರ್ವರ್‌ನಲ್ಲಿ ಯಾರು ಯಾವ ಕಮಾಂಡ್ ಹೊಡೆದರು?

ಪ್ರಶ್ನೆ: ಶಿವಮೊಗ್ಗ ಎಪಿಎಂಸಿ ಯಾರ್ಡ್‌ನಲ್ಲಿ ನಮ್ಮದು ಅಡಿಕೆ ಮಂಡಿ, ಪಾಲುದಾರಿಕೆ ಸಂಸ್ಥೆ. ಸಾಗರ, ತೀರ್ಥಹಳ್ಳಿಯಲ್ಲಿ ಶಾಖೆ ಇದೆ. ಮೂರೂ ಕಡೆಯ ಬಿಲ್ಲಿಂಗ್, ರೈತರ ಖಾತೆ, ಸ್ಟಾಕ್ ಎಲ್ಲ ಶಿವಮೊಗ್ಗ ಆಫೀಸಿನ ಒಂದೇ ಉಬುಂಟು (ಲಿನಕ್ಸ್) ಸರ್ವರ್‌ನಲ್ಲಿದೆ. ಡೇಟಾಬೇಸ್ ಮೈಎಸ್‌ಕ್ಯುಎಲ್. ಹೋದ ಸೀಸನ್‌ನಲ್ಲಿ ಒಂದು ದಿನದ ತೂಕದ ಚೀಟಿಗಳು ಡೇಟಾಬೇಸ್‌ನಿಂದ ಕಾಣೆಯಾದವು. ಯಾರು ಅಳಿಸಿದರು ಅಂತ ಇವತ್ತಿಗೂ ಗೊತ್ತಿಲ್ಲ. ರೂಟ್ (ಸರ್ವರ್‌ನಲ್ಲಿ ಏನು ಬೇಕಾದರೂ ಮಾಡಬಲ್ಲ ಖಾತೆ) ಪಾಸ್‌ವರ್ಡ್ ನಮ್ಮ ಸಿಸ್ಟಮ್ ನೋಡಿಕೊಳ್ಳುವ ಇಬ್ಬರು ಹುಡುಗರಿಗೆ, ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ, ಸಾಗರ ಶಾಖೆಯವರಿಗೆ, ಎಲ್ಲರಿಗೂ ಗೊತ್ತು. ಹೊಡೆದ ಕಮಾಂಡ್‌ಗಳ ಹಿಸ್ಟರಿ ತೆಗೆದು ನೋಡಿದರೆ ಖಾಲಿ. ಇನ್ನು ಮೇಲೆ ಪ್ರತಿ ಕಮಾಂಡ್ ದಾಖಲಾಗಬೇಕು, ಅಪಾಯದ ಕಮಾಂಡ್ ನಡೆಯಬಾರದು ಅನ್ನುವುದು ನಮ್ಮ ಪಾಲುದಾರರ ಮಾತು. ಫೈಲ್ ಅಳಿಸುವ 'ಆರ್‌ಎಂ', ಡೇಟಾಬೇಸ್ ಟೇಬಲ್ ಅಳಿಸುವ 'ಡ್ರಾಪ್' ಇಂಥವನ್ನು ಬ್ಲಾಕ್ ಮಾಡಿದರೆ ಸಾಕಾ? ದುಬಾರಿ ಸಾಫ್ಟ್‌ವೇರ್ ಏನಾದರೂ ಕೊಳ್ಳಬೇಕಾ?

ಉತ್ತರ: ಸಾಕಾಗಲ್ಲ. ಕೊಳ್ಳುವುದೂ ಬೇಡ.

ಬ್ಲಾಕ್ ಮಾಡುವ ವಿಷಯ ಮೊದಲು ಮುಗಿಸೋಣ, ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಫೈಲ್ ಅಳಿಸಲು ಆರ್‌ಎಂ ಒಂದೇ ದಾರಿಯಲ್ಲ. 'ಫೈಂಡ್' ಕಮಾಂಡ್‌ಗೆ ಅಳಿಸುವ ಆಯ್ಕೆ ಇದೆ. 'ಟ್ರಂಕೇಟ್' ಇದೆ. 'ಎಂವಿ'ಯಲ್ಲಿ ಒಂದು ಫೈಲಿನ ಮೇಲೆ ಇನ್ನೊಂದನ್ನು ಕೂರಿಸಬಹುದು. ಪೈಥಾನ್ ಇದ್ದರೆ ಒಂದು ಸಾಲು ಸಾಕು. ಇಷ್ಟೆಲ್ಲ ಯಾಕೆ, ಆರ್‌ಎಂ ಪ್ರೋಗ್ರಾಮನ್ನೇ ಬೇರೆ ಹೆಸರಿನಲ್ಲಿ ನಕಲು ಮಾಡಿಕೊಂಡು ಓಡಿಸಿದರೆ ನಿಮ್ಮ ಬ್ಲಾಕ್‌ಗೆ ಅದು ಗೊತ್ತೇ ಆಗಲ್ಲ. ಎಲ್ಲವನ್ನೂ ಕೊಟ್ಟು ಆಮೇಲೆ ಒಂದೆರಡನ್ನು ಕಳೆಯುವ ಪದ್ಧತಿ ಕೆಲಸ ಮಾಡಲ್ಲ ಅಂತ ಸುಡೊದ (ಮಾಮೂಲಿ ಖಾತೆಯವರಿಗೆ ರೂಟ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಬಿಡುವ ಪ್ರೋಗ್ರಾಂ) ಕೈಪಿಡಿಯೇ ಹೇಳುತ್ತದೆ, ಇದೇ ಕಾರಣ ಕೊಟ್ಟು. ಹಾಗಾಗಿ ಯಾವುದು ಬೇಡ ಎಂಬ ಪಟ್ಟಿ ಬಿಡಿ. ಯಾವುದು ಬೇಕು ಎಂಬ ಪಟ್ಟಿ ಮಾಡಿ. ಉಳಿದದ್ದೆಲ್ಲ ತಾನಾಗಿಯೇ ನಿಂತುಹೋಗುತ್ತದೆ.

ಯಾರಿಗೆ ಯಾವ ಕಮಾಂಡ್ ಬೇಕು ಅಂತ ನಿಮಗೆ ಈಗ ಗೊತ್ತಿಲ್ಲ ಅಲ್ವಾ? ಅವರನ್ನು ಕೇಳಿದರೆ 'ಎಲ್ಲಾ ಬೇಕು' ಅನ್ನುತ್ತಾರೆ. ಅದಕ್ಕೇ ನನ್ನ ಸಲಹೆ, ಮೊದಲು ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಡಿ. ಆಮೇಲೆ ಒಂದು ತಿಂಗಳು ಏನನ್ನೂ ತಡೆಯದೆ ಸುಮ್ನೆ ದಾಖಲೆ ಮಾಡಿ. ಆ ದಾಖಲೆಯಿಂದಲೇ ಅನುಮತಿಯ ಪಟ್ಟಿ ಹೊರಬರುತ್ತದೆ. ನಿರ್ಬಂಧ ಕೊನೆಗೆ. ತಿರುಗಾಮುರುಗಾ ಮಾಡಿದರೆ ಮೊದಲ ವಾರದಲ್ಲೇ ಯಾರದೋ ಬಿಲ್ ನಿಂತು, 'ಇದೆಲ್ಲ ತೆಗೆದುಹಾಕಿ' ಅಂತ ದಣಿಗಳೇ ಹೇಳುವ ಹಾಗಾಗುತ್ತದೆ.

ಲಾಗಿನ್ ವಿಷಯಕ್ಕೆ ಬರೋಣ. ಉಬುಂಟು ಹಾಕಿದಾಗ ರೂಟ್‌ಗೆ ಪಾಸ್‌ವರ್ಡ್ ಇರುವುದೇ ಇಲ್ಲ, ಆ ಖಾತೆಗೆ ಬೀಗ ಹಾಕಿಯೇ ಕೊಡುತ್ತಾರೆ. ನಿಮ್ಮಲ್ಲಿ ಇದೆ ಅಂದರೆ ಯಾರೋ ಬೇಕಂತಲೇ ಇಟ್ಟಿದ್ದಾರೆ. ಎಸ್‌ಎಸ್‌ಎಚ್‌ನಲ್ಲಿ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ರೂಟ್ ಆಗಿ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವುದಕ್ಕೂ ಮಾಮೂಲಿಗೆ ಅವಕಾಶ ಇರಲ್ಲ. ಸಾಗರದಿಂದ ಹಾಗೆ ಬರುತ್ತಿದ್ದಾರೆ ಅಂದರೆ ಅದನ್ನೂ ಯಾರೋ ಬದಲಾಯಿಸಿದ್ದಾರೆ. ಎರಡನ್ನೂ ವಾಪಸ್ ಮಾಡಿಸಿ. ತುರ್ತಿಗೆ ಬೇಕು ಅನ್ನಿಸಿದರೆ ಉದ್ದದ ಹೊಸ ರೂಟ್ ಪಾಸ್‌ವರ್ಡ್ ಒಂದನ್ನು ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಸಹಿ ಮಾಡಿ ತಿಜೋರಿಯಲ್ಲಿಡಿ. ಸರ್ವರ್ ಮುಂದೆಯೇ ಕುಳಿತು ಬಳಸಲು ಮಾತ್ರ. ಲಕೋಟೆ ಒಡೆದ ದಿನವೇ ಪಾಸ್‌ವರ್ಡ್ ಬದಲಾಗಬೇಕು.

ಸರ್ವರ್ ನೋಡುವ ಇಬ್ಬರಿಗೂ ಬೇರೆ ಬೇರೆ ಹೆಸರಿನ ಖಾತೆ ಕೊಡಿ. ಸುಡೊ ಗುಂಪಿನಲ್ಲಿ ಈಗ ಯಾರ್ಯಾರಿದ್ದಾರೆ ನೋಡಿ. ಅಷ್ಟಕ್ಕೇ ನಿಲ್ಲಿಸಬೇಡಿ. 'ಡಾಕರ್' ಮತ್ತು 'ಎಲ್‌ಎಕ್ಸ್‌ಡಿ' ಎಂಬ ಗುಂಪುಗಳನ್ನೂ ನೋಡಿ. ಆ ಗುಂಪಿನಲ್ಲಿರುವವರು ಸುಡೊ ಮುಟ್ಟದೆಯೇ ರೂಟ್ ಆಗಬಲ್ಲರು. ಬಹಳ ಜನ ಇದನ್ನು ನೋಡುವುದೇ ಇಲ್ಲ.

ಸಾಫ್ಟ್‌ವೇರ್ ಕಂಪನಿಯವರಿಗೂ ಒಂದು ಖಾತೆ ಕೊಡಿ, ಆದರೆ ಬೇಕಾದಾಗ ಮಾತ್ರ ತೆರೆಯುವಂಥದ್ದು. ಇಲ್ಲೊಂದು ಸೂಕ್ಷ್ಮ ಇದೆ. ಖಾತೆ ಮುಚ್ಚಲು ಹೆಚ್ಚಿನವರು ಪಾಸ್‌ವರ್ಡ್‌ಗೆ ಬೀಗ ಹಾಕುತ್ತಾರೆ. ಅದು ಪಾಸ್‌ವರ್ಡ್ ದಾರಿಯನ್ನು ಮಾತ್ರ ಮುಚ್ಚುತ್ತದೆ. ಪಾಸ್‌ವರ್ಡ್ ಬದಲು ಬಳಸುವ ಅವರ ಎಸ್‌ಎಸ್‌ಎಚ್ ಕೀ ಸರ್ವರ್‌ನಲ್ಲಿ ಕುಳಿತಿದ್ದರೆ ಆರಾಮಾಗಿ ಒಳಗೆ ಬರಬಹುದು. ಖಾತೆಗೇ ಮುಕ್ತಾಯದ ದಿನಾಂಕ ಹಾಕಬೇಕು. 'ಚೇಜ್' ಎಂಬ ಕಮಾಂಡ್ ಇರುವುದೇ ಅದಕ್ಕೆ. ಅವರು ಫೋನ್ ಮಾಡಿದಾಗ ನಾಳೆಗೆ ಮುಗಿಯುವ ಹಾಗೆ ದಿನಾಂಕ ಹಾಕಿ ಕೊಟ್ಟರೆ ಮುಚ್ಚುವುದನ್ನು ಮರೆತರೂ ತಾನೇ ಮುಚ್ಚಿಕೊಳ್ಳುತ್ತದೆ. ಎನಿಡೆಸ್ಕ್‌ನಲ್ಲಿ ನಿಮ್ಮ ಹುಡುಗನ ಸ್ಕ್ರೀನಿಗೆ ಬಂದು, ಅವನ ಲಾಗಿನ್‌ನಲ್ಲೇ ಕೆಲಸ ಮಾಡಿ ಹೋಗುವ ಅಭ್ಯಾಸ ಅವರಿಗೆ ಇದ್ದರೆ ನಿಲ್ಲಿಸಿ. ದಾಖಲೆಯಲ್ಲಿ ಅವನ ಹೆಸರೇ ಬರುತ್ತದೆ, ಪಾಪ.

ಸಾಗರ ಶಾಖೆಯವರಿಗೆ ಲಿನಕ್ಸ್ ಒಳಗೆ ಬರುವ ಕೆಲಸವಾದರೂ ಏನು? ನನ್ನ ಅಂದಾಜು, ಪ್ರಿಂಟರ್ ಕ್ಯೂ ಕಟ್ಟಿಕೊಂಡಾಗ ಬಿಡಿಸುವುದು, ಸಂಜೆ ದಿನದ ಲೆಕ್ಕ ಮುಗಿಸುವ ಸ್ಕ್ರಿಪ್ಟ್ ಓಡಿಸುವುದು, ಇಷ್ಟೇ. ಇದಕ್ಕೆ ಕಮಾಂಡ್ ಲೈನೇ ಬೇಡ. ಎಸ್‌ಎಸ್‌ಎಚ್‌ನಲ್ಲಿ 'ಫೋರ್ಸ್ ಕಮಾಂಡ್' ಎಂಬ ಸೌಲಭ್ಯ ಇದೆ. ಆ ಗುಂಪಿನವರು ಲಾಗಿನ್ ಆದ ಕೂಡಲೇ ಒಂದು ಮೆನು ಮಾತ್ರ ಬರುವ ಹಾಗೆ ಮಾಡಬಹುದು. ಒಂದು ಒತ್ತಿದರೆ ಪ್ರಿಂಟರ್, ಎರಡು ಒತ್ತಿದರೆ ದಿನದ ಲೆಕ್ಕ, ಸೊನ್ನೆ ಒತ್ತಿದರೆ ಹೊರಗೆ. ಅದೇ ಜಾಗದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಕೂಡ ನಿಲ್ಲಿಸಬೇಕು. ಇಲ್ಲದಿದ್ದರೆ ಮೆನು ಮುಂದೆ ಕುಳಿತೇ ಹಿಂದಿನಿಂದ ಮೈಎಸ್‌ಕ್ಯುಎಲ್‌ನ 3306ನೇ ಪೋರ್ಟ್‌ಗೆ ಸುರಂಗ ತೋಡಬಹುದು. ಕೈಕಟ್ಟಿದ ಶೆಲ್ (ಕಮಾಂಡ್ ಹೊಡೆಯುವ ಪರದೆ) ಆದ 'ರಿಸ್ಟ್ರಿಕ್ಟೆಡ್ ಬ್ಯಾಷ್' ಹಾಕಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅದರೊಳಗೆ ವಿಐ ಎಡಿಟರ್ ಸಿಕ್ಕಿದರೆ ಸಾಕು, ಅಲ್ಲಿಂದ ಪೂರ್ತಿ ಶೆಲ್‌ಗೆ ಹಾರಬಹುದು.

ಇನ್ನು ದಾಖಲೆ. ಹಿಸ್ಟರಿ ಖಾಲಿ ಇತ್ತು ಅಂದಿರಿ. ಅದರಿಂದ ಯಾರ ಮೇಲೂ ಅನುಮಾನ ಪಡಬೇಡಿ. ಹಿಸ್ಟರಿ ಇರುವುದು ಹೊಡೆಯುವವರ ಅನುಕೂಲಕ್ಕೆ, ಕಾಯುವವರ ಅನುಕೂಲಕ್ಕಲ್ಲ. ಅದು ಬಳಕೆದಾರರದೇ ಫೈಲ್, ಅವರೇ ಅಳಿಸಬಹುದು. ಉಬುಂಟುವಿನಲ್ಲಿ ಕಮಾಂಡ್‌ನ ಮುಂದೆ ಒಂದು ಸ್ಪೇಸ್ ಬಿಟ್ಟು ಹೊಡೆದರೆ ಹಿಸ್ಟರಿಗೆ ಹೋಗುವುದೇ ಇಲ್ಲ. ಲಾಗ್ ಔಟ್ ಆಗುವ ಮೊದಲೇ ಕರೆಂಟ್ ಹೋದರೂ ಆ ಹೊತ್ತಿನದು ಬರೆಯಲ್ಪಡುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಅದು ಎಷ್ಟು ಸಲ ಆಗುತ್ತದೆ ನಿಮಗೇ ಗೊತ್ತು.

ಸುಡೊ ತನ್ನದೇ ದಾಖಲೆ ಇಡುತ್ತದೆ. ಯಾರು, ಯಾವ ಫೋಲ್ಡರ್‌ನಿಂದ, ಯಾವ ಕಮಾಂಡ್ ಎಂಬುದು 'ಆಥ್ ಲಾಗ್' ಎಂಬ ಫೈಲಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಒಬ್ಬರು ಸುಡೊ ಜೊತೆ ಬ್ಯಾಷ್ ಅಂತ ಹೊಡೆದು ರೂಟ್ ಶೆಲ್‌ಗೆ ಹೋದರು ಅನ್ನಿ. ಆ ಒಂದು ಸಾಲು ದಾಖಲಾಗುತ್ತದೆ. ಆಮೇಲೆ ಒಳಗೆ ನೂರು ಕಮಾಂಡ್ ಹೊಡೆದರೂ ಸುಡೊಗೆ ಗೊತ್ತಾಗಲ್ಲ.

ಈ ಕೊರತೆ ತುಂಬುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇರುವ ಆಡಿಟ್ ವ್ಯವಸ್ಥೆ. ಅದರ ಪ್ರೋಗ್ರಾಂ ಹೆಸರು ಆಡಿಟ್‌ಡಿ. ಉಬುಂಟುವಿನಲ್ಲಿ ಮೊದಲೇ ಇರಲ್ಲ, ಹಾಕಿಕೊಳ್ಳಬೇಕು, ಪುಕ್ಕಟೆ. ಹೊಸ ಪ್ರೋಗ್ರಾಂ ಶುರುವಾದಾಗಲೆಲ್ಲ ಕರ್ನಲ್‌ಗೆ 'ಎಕ್ಸೆಕ್‌ವಿಇ' ಎಂಬ ಕರೆ ಹೋಗುತ್ತದೆ. ಆ ಕರೆಯನ್ನೇ ದಾಖಲಿಸು ಅಂತ ನಿಯಮ ಬರೆಯುವುದು. 64 ಬಿಟ್‌ಗೆ ಒಂದು, 32 ಬಿಟ್‌ಗೆ ಒಂದು, ಎರಡೂ ಬೇಕು. ಎರಡನೆಯದನ್ನು ಬಿಟ್ಟರೆ ಹಳೆಯ ಬಗೆಯ ಪ್ರೋಗ್ರಾಂ ಕಣ್ಣು ತಪ್ಪಿಸುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವುದು 'ಎಯುಐಡಿ' ಎಂಬ ಒಂದು ಕಾಲಂ. ಲಾಗಿನ್ ಆದ ಕ್ಷಣದಲ್ಲಿ ಆ ವ್ಯಕ್ತಿಯ ಸಂಖ್ಯೆ ಅಲ್ಲಿ ಕೂರುತ್ತದೆ. ಆಮೇಲೆ ಅವರು ಸುಡೊ ಮಾಡಲಿ, ರೂಟ್ ಆಗಲಿ, ಅಲ್ಲಿಂದ ಇನ್ನೊಬ್ಬರ ಖಾತೆಗೆ ಹೋಗಲಿ, ಅದು ಬದಲಾಗಲ್ಲ. ಒಂದು ಉದಾಹರಣೆ ನೋಡಿ. 'ಸಿಸ್ಟಮ್2' ಎಂಬ ಲಾಗಿನ್‌ನವರು ರೂಟ್ ಶೆಲ್‌ಗೆ ಹೋಗಿ ಬ್ಯಾಕಪ್ ಫೋಲ್ಡರ್ ಅಳಿಸಿದರು ಅಂದುಕೊಳ್ಳಿ. 'ಎಯುಸರ್ಚ್' ಎಂಬ ಕಮಾಂಡ್‌ನಲ್ಲಿ ಹುಡುಕಿದರೆ ಒಂದೇ ಘಟನೆಗೆ ನಾಲ್ಕೈದು ಸಾಲು ಬರುತ್ತವೆ. ಎಲ್ಲದಕ್ಕೂ ಒಂದೇ ಸಮಯ, ಒಂದೇ ಕ್ರಮಸಂಖ್ಯೆ. 'ಸಿಸ್‌ಕಾಲ್' ಎಂಬ ಸಾಲಿನಲ್ಲಿ ಯುಐಡಿ (ಆ ಕ್ಷಣದ ಖಾತೆ) ಜಾಗದಲ್ಲಿ ರೂಟ್ ಎಂದಿರುತ್ತದೆ, ಎಯುಐಡಿ ಜಾಗದಲ್ಲಿ ಸಿಸ್ಟಮ್2 ಎಂದಿರುತ್ತದೆ. 'ಎಕ್ಸೆಕ್‌ವಿಇ' ಸಾಲಿನಲ್ಲಿ ಎ0, ಎ1, ಎ2 ಅಂತ ಕಮಾಂಡ್ ತುಂಡು ತುಂಡಾಗಿ ಇರುತ್ತದೆ. ಮೊದಲಿಗೆ ಆರ್‌ಎಂ, ನಂತರ ಅದರ ಆಯ್ಕೆಗಳು, ಕೊನೆಗೆ ಫೋಲ್ಡರ್ ಹೆಸರು. ಇನ್ನೊಂದು ಸಾಲು ಯಾವ ಫೋಲ್ಡರ್‌ನಲ್ಲಿ ನಿಂತು ಹೊಡೆದರು ಅಂತ ಹೇಳುತ್ತದೆ. ಹೋದ ಸೀಸನ್‌ನಲ್ಲಿ ನಿಮಗೆ ಬೇಕಾಗಿದ್ದದ್ದು ಇಂಥದ್ದೇ ಒಂದು ದಾಖಲೆ. ಎಲ್ಲರೂ ನೇರ ರೂಟ್ ಆಗಿಯೇ ಲಾಗಿನ್ ಆಗುತ್ತಿದ್ದರೆ ಮಾತ್ರ ಎಯುಐಡಿ ಜಾಗದಲ್ಲೂ ರೂಟ್ ಅಂತಲೇ ಬರುತ್ತದೆ. ಲಾಗಿನ್ ಮೊದಲು ಅಂದದ್ದು ಅದಕ್ಕೇ.

ನಿಯಮದಲ್ಲಿ ಎಯುಐಡಿ 1000 ಮತ್ತು ಅದಕ್ಕಿಂತ ಮೇಲಿನವರು ಮಾತ್ರ ಅಂತ ಹಾಕಿ. ಮನುಷ್ಯರ ಖಾತೆಗಳು ಅಲ್ಲಿಂದ ಶುರು. ಲಾಗಿನ್ ಇಲ್ಲದೆ ತಾನಾಗಿ ಓಡುವ ಸರ್ವಿಸ್‌ಗಳಿಗೆ 4294967295 ಎಂಬ ದೊಡ್ಡ ಸಂಖ್ಯೆ ಇರುತ್ತದೆ, ಅದನ್ನು ಬಿಟ್ಟುಬಿಡಿ. ಇಲ್ಲದಿದ್ದರೆ ಬಿಲ್ಲಿಂಗ್ ಸಾಫ್ಟ್‌ವೇರ್‌ನ ಗದ್ದಲದಲ್ಲಿ ಮನುಷ್ಯರು ಕಾಣುವುದಿಲ್ಲ. ಲಕೋಟೆಯ ರೂಟ್ ಬಳಸಿದ್ದೂ ಕಾಣಬೇಕಲ್ಲ, ಅದಕ್ಕೆ ಎಯುಐಡಿ ಸೊನ್ನೆಗೂ ಒಂದು ನಿಯಮ ಇರಲಿ.

ಕೊರತೆ ಇದಕ್ಕೂ ಇದೆ. 'ಎಕೋ' ಇಂಥವು ಬ್ಯಾಷ್‌ನ ಒಳಗೇ ಇರುವ ಕಮಾಂಡ್‌ಗಳು. ಅವು ಹೊಸ ಪ್ರೋಗ್ರಾಂ ಶುರು ಮಾಡಲ್ಲ, ಹಾಗಾಗಿ ಎಕ್ಸೆಕ್‌ವಿಇ ನಿಯಮಕ್ಕೆ ಸಿಗಲ್ಲ. ಒಂದು ಫೈಲನ್ನು ಎಕೋದಿಂದಲೇ ಖಾಲಿ ಮಾಡಬಹುದು. ಅದಕ್ಕೇ ಮುಖ್ಯ ಫೈಲುಗಳಿಗೆ ಬೇರೆ ಕಾವಲು ಹಾಕಬೇಕು. ಸುಡೊ ನಿಯಮದ ಫೈಲ್, ಬಳಕೆದಾರರ ಪಟ್ಟಿ, ಆಡಿಟ್ ನಿಯಮ, ಹೊತ್ತಿಗೆ ಸರಿಯಾಗಿ ತಾನಾಗಿ ಓಡುವ ಕೆಲಸಗಳ ಕ್ರಾನ್ ಫೋಲ್ಡರ್, ಬ್ಯಾಕಪ್ ಫೋಲ್ಡರ್, ಇವನ್ನು ಯಾರು ಯಾವುದರಿಂದ ಮುಟ್ಟಿದರೂ ದಾಖಲಾಗಲಿ. ಇನ್ನೊಂದು ಎಚ್ಚರಿಕೆ. ಕಮಾಂಡ್‌ನ ಜೊತೆಗೆ ಬರೆದದ್ದೆಲ್ಲ ದಾಖಲಾಗುವುದರಿಂದ ಮೈಎಸ್‌ಕ್ಯುಎಲ್ ಕಮಾಂಡ್‌ನಲ್ಲೇ ಪಾಸ್‌ವರ್ಡ್ ಬರೆಯುವ ಹುಡುಗರ ಪಾಸ್‌ವರ್ಡ್ ಲಾಗ್‌ನಲ್ಲಿ ಬಟಾಬಯಲಾಗಿ ಕೂರುತ್ತದೆ. ಆ ಅಭ್ಯಾಸ ಬಿಡಿಸಿ.

ಜಾಗದ ಲೆಕ್ಕವನ್ನೂ ನೋಡಿ. ಆಡಿಟ್‌ಡಿ ಬಂದ ಹಾಗೆಯೇ ಇಟ್ಟರೆ ತಲಾ 8 ಎಂಬಿಯ 5 ಫೈಲ್ ಮಾತ್ರ ಇಡುತ್ತದೆ. ತುಂಬಿದರೆ ಹಳೆಯದು ಹೋಗುತ್ತದೆ. ಒಟ್ಟು 40 ಎಂಬಿ, ಏನೇನೂ ಸಾಲದು. ಎಷ್ಟು ದಿನದ್ದು ಬೇಕು? ಕಂಪ್ಯೂಟರ್ ಸುರಕ್ಷತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ 180 ದಿನದ ಲಾಗ್ ಇಡಬೇಕು ಎಂದಿದೆ. ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. ಡಿಸ್ಕ್ ತುಂಬಿದಾಗ ಏನು ಮಾಡಬೇಕು ಎಂಬ ಆಯ್ಕೆಯೂ ಇದೆ, ಅದರಲ್ಲಿ ಒಂದು ಮಷಿನ್ ಅನ್ನೇ ನಿಲ್ಲಿಸುವುದು. ಬ್ಯಾಂಕಿಗೆ ಅದು ಸರಿ ಇರಬಹುದು. ಮಂಡಿಯಲ್ಲಿ ಟೆಂಡರ್ ದಿನ ರೈತರು ಕಾಯುತ್ತಿರುವಾಗ ಸರ್ವರ್ ಕಣ್ಣು ಮುಚ್ಚಿದರೆ ನಿಮ್ಮನ್ನು ಬಿಡುತ್ತಾರಾ? ಮುಂಚೆಯೇ ಮೇಲ್ ಬರುವ ಹಾಗೆ ಇಟ್ಟುಕೊಳ್ಳಿ, ಸಾಕು.

ನಿಯಮಗಳನ್ನು ಗಟ್ಟಿ ಮಾಡುವ ಒಂದು ಆಯ್ಕೆ ಇದೆ. ಅದನ್ನು ಹಾಕಿದರೆ ಮಷಿನ್ ರೀಬೂಟ್ ಆಗುವ ತನಕ ರೂಟ್ ಕೂಡ ನಿಯಮ ಬದಲಾಯಿಸಲಾಗದು. ಹಾಕಿ. ಆದರೆ ಜುಲೈಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ರೀಬೂಟ್ ಅಪರೂಪವೇನಲ್ಲ. ಯುಪಿಎಸ್ ಚೆನ್ನಾಗಿರಲಿ. ಪ್ರತಿ ರೀಬೂಟ್‌ಗೂ ಕಾರಣ ಬರೆದಿಡಿ. ಮದರ್‌ಬೋರ್ಡ್‌ನ ಚಿಕ್ಕ ಸೆಲ್ ಸತ್ತಿದ್ದರೆ ಕರೆಂಟ್ ಬಂದಾಗ ಸರ್ವರ್ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಇಂಟರ್ನೆಟ್ ಕೂಡ ಇಲ್ಲದಿದ್ದರೆ ಗಡಿಯಾರ ಸರಿಹೋಗುವುದಿಲ್ಲ. ಆ ಹೊತ್ತಿನ ಲಾಗ್ ಎಲ್ಲ ತಪ್ಪು ಸಮಯದ್ದು, ಯಾವ ವಿಚಾರಣೆಗೂ ಬರಲ್ಲ. ಒಂದು ಸೆಲ್ ಹಾಕಿಸಿಬಿಡಿ.

ಈಗ ನಿಮ್ಮ ನಿಜವಾದ ಗಾಯಕ್ಕೆ ಬರುತ್ತೇನೆ. ಇಷ್ಟೆಲ್ಲ ಮಾಡಿದ್ದರೂ ಹೋದ ಸೀಸನ್‌ನ ಚೀಟಿ ಯಾರು ಅಳಿಸಿದರು ಅಂತ ಪೂರ್ತಿ ಗೊತ್ತಾಗುತ್ತಿರಲಿಲ್ಲ! ಆಡಿಟ್‌ಡಿಗೆ ಕಾಣುವುದು ಒಬ್ಬರು ಮೈಎಸ್‌ಕ್ಯುಎಲ್ ತೆರೆದರು ಎಂಬುದು ಮಾತ್ರ. ಅದರ ಒಳಗೆ ಕುಳಿತು 'ಡಿಲೀಟ್' ಹೊಡೆದದ್ದು ಲಿನಕ್ಸ್‌ಗೆ ಕಮಾಂಡೇ ಅಲ್ಲ, ಸುಮ್ನೆ ಅಕ್ಷರಗಳು. ಡೇಟಾಬೇಸ್‌ಗೆ ಬೇರೆಯೇ ಲೆಕ್ಕ ಇಡಬೇಕು.

ಮೈಎಸ್‌ಕ್ಯುಎಲ್ 8 ಆಗಿದ್ದರೆ 'ಬೈನರಿ ಲಾಗ್' ತಾನಾಗಿಯೇ ಓಡುತ್ತಿರುತ್ತದೆ, ಮಾಮೂಲಿಗೆ 30 ದಿನದ್ದು ಇರುತ್ತದೆ. ಅಳಿಸಿದ ಸಾಲುಗಳೇ ಅದರಲ್ಲಿ ಇರುತ್ತವೆ, ವಾಪಸ್ ಪಡೆಯಲೂಬಹುದು. ಯಾವಾಗ ಅಳಿಸಿದರು ಗೊತ್ತಾಗುತ್ತದೆ. ಯಾರು ಎಂಬುದು ಅದರಲ್ಲಿ ಇರಲ್ಲ. ಮುಂದೆ ಹೀಗಾದರೆ ಮೊದಲ ಕೆಲಸ, ಆ ಲಾಗ್ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಡುವುದು. 30 ದಿನ ಚರ್ಚೆ ಮಾಡುತ್ತಾ ಕುಳಿತರೆ ಅದೂ ಹೋಗುತ್ತದೆ.

'ಯಾರು' ಎಂಬುದಕ್ಕೆ ತೂಕದ ಚೀಟಿ, ರೈತರ ಖಾತೆ, ಪಾವತಿ, ಈ ಮೂರು ಟೇಬಲ್‌ಗೆ ಟ್ರಿಗರ್ ಹಾಕಿಸಿ. ಯಾವ ಸಾಲು ಅಳಿದರೂ, ಬದಲಾದರೂ ಹಳೆಯ ಸಾಲಿನ ನಕಲು, ಸಮಯ, ಬಳಕೆದಾರರ ಹೆಸರು ಇನ್ನೊಂದು ಟೇಬಲ್‌ಗೆ ಹೋಗಲಿ. ಹೆಸರು ಬರೆಯಲು 'ಯೂಸರ್' ಎಂಬ ಫಂಕ್ಷನ್ ಬಳಸಬೇಕು. 'ಕರೆಂಟ್ ಯೂಸರ್' ಬಳಸಿದರೆ ಟ್ರಿಗರ್ ಬರೆದವರ ಹೆಸರು ಬರುತ್ತದೆ. ನೋಡಲು ಎರಡೂ ಒಂದೇ ಥರ ಇವೆ, ಅಲ್ಲೇ ಎಡವುವುದು. ಇಡೀ ಟೇಬಲನ್ನು ಒಂದೇ ಏಟಿಗೆ ಖಾಲಿ ಮಾಡುವ 'ಟ್ರಂಕೇಟ್' ಡೇಟಾಬೇಸ್‌ನಲ್ಲೂ ಇದೆ, ಅದನ್ನು ಮಾಡಿದರೆ ಟ್ರಿಗರ್ ಏಳುವುದಿಲ್ಲ. ಅದಕ್ಕೆ ಬೇಕಾಗುವುದು ಡ್ರಾಪ್ ಅಧಿಕಾರ. ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವ ಡೇಟಾಬೇಸ್ ಖಾತೆಯಿಂದ ಆ ಅಧಿಕಾರ ಕಿತ್ತುಕೊಳ್ಳಿ. ಚೀಟಿಯ ಟೇಬಲ್ ಮೇಲೆ ಡಿಲೀಟ್ ಅಧಿಕಾರವನ್ನೂ ಕಿತ್ತುಕೊಳ್ಳಿ. ತಪ್ಪಾದ ಚೀಟಿಗೆ 'ರದ್ದು' ಎಂಬ ಗುರುತು ಬೀಳಲಿ, ಸಾಲು ಅಲ್ಲೇ ಇರಲಿ. ಸಾಫ್ಟ್‌ವೇರ್‌ನವರು 'ಇದು ದೊಡ್ಡ ಬದಲಾವಣೆ' ಅಂತ ರಾಗ ಎಳೆಯಬಹುದು. ಬಿಡಬೇಡಿ, ಕಾನೂನು ನಿಮ್ಮ ಕಡೆ ಇದೆ. ಕೇಂದ್ರ ಜಿಎಸ್‌ಟಿ ನಿಯಮ 56ರ 8ನೇ ಉಪನಿಯಮ ಓದಿಸಿ. ಲೆಕ್ಕದ ನಮೂದನ್ನು ಅಳಿಸಬಾರದು, ಅದರ ಮೇಲೆ ಬರೆಯಬಾರದು, ಕಂಪ್ಯೂಟರ್‌ನಲ್ಲಿ ಲೆಕ್ಕ ಇಟ್ಟರೆ ತಿದ್ದಿದ, ಅಳಿಸಿದ ಪ್ರತಿ ನಮೂದಿನ ಲಾಗ್ ಇಡಬೇಕು ಎಂದು ಅಲ್ಲಿ ಇದೆ. ಟ್ಯಾಲಿಯಂಥ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಲಾಗ್ ಕಡ್ಡಾಯ ಮಾಡಿದ 2023ರ ಏಪ್ರಿಲ್ 1ರ ನಿಯಮ ಕಂಪನಿಗಳಿಗೆ ಮಾತ್ರ, ನಿಮ್ಮದು ಪಾಲುದಾರಿಕೆ, ಅದು ಬರಲ್ಲ. ಜಿಎಸ್‌ಟಿಯದು ನಿಮಗೂ ಇದೆ.

ಸಾಫ್ಟ್‌ವೇರ್‌ನ ಒಳಗೆ ಎಲ್ಲರೂ ಒಂದೇ ಡೇಟಾಬೇಸ್ ಖಾತೆಯಿಂದ ಕೆಲಸ ಮಾಡುತ್ತಿರುತ್ತಾರೆ. ಟ್ರಿಗರ್‌ಗೆ ಆ ಒಂದೇ ಹೆಸರು ಕಾಣುತ್ತದೆ. ಅದರಿಂದಲೂ ಉಪಯೋಗ ಇದೆ. ಆ ಹೆಸರು ಬಂದರೆ ಅಳಿಸಿದ್ದು ಬಿಲ್ಲಿಂಗ್ ಪರದೆಯಿಂದ, ಬೇರೆ ಹೆಸರು ಬಂದರೆ ಹಿಂಬಾಗಿಲಿನಿಂದ. ಪರದೆಯಿಂದ ಆದರೆ ಯಾವ ಗುಮಾಸ್ತರು ಎಂಬುದನ್ನು ಸಾಫ್ಟ್‌ವೇರೇ ಬರೆದಿಡಬೇಕು. ಉಬುಂಟುವಿನಲ್ಲಿ ಸುಡೊ ಇರುವವರು ಪಾಸ್‌ವರ್ಡ್ ಇಲ್ಲದೆಯೇ ಮೈಎಸ್‌ಕ್ಯುಎಲ್‌ನ ರೂಟ್ ಆಗಬಹುದು ಎಂಬುದೂ ನೆನಪಿರಲಿ. ಇಬ್ಬರು ಹುಡುಗರಿಗೆ ಅವರವರ ಹೆಸರಿನ ಡೇಟಾಬೇಸ್ ಖಾತೆ ಕೊಡಿ.

ದಾಖಲೆ ಎಲ್ಲಿರಬೇಕು? ಅದೇ ಸರ್ವರ್‌ನಲ್ಲಿ ಮಾತ್ರ ಇದ್ದರೆ ರೂಟ್ ಇರುವವರು ಅಳಿಸಬಹುದು. ನಿಮ್ಮ ಮಂಡಿಯಲ್ಲಿ ತೂಕ ಮಾಡುವವರೇ ದುಡ್ಡು ಎಣಿಸಿ ಕೊಡುವುದಿಲ್ಲ ಅಲ್ವಾ, ಇಲ್ಲೂ ಹಾಗೆಯೇ. ಹಳೆಯ ಒಂದು ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ, ಆರ್‌ಸಿಸ್‌ಲಾಗ್ ಮೂಲಕ ಲಾಗ್ ಎಲ್ಲ ಆ ಕ್ಷಣವೇ ಅಲ್ಲಿಗೆ ಹೋಗುವ ಹಾಗೆ ಮಾಡಿ. ಅದರ ಪಾಸ್‌ವರ್ಡ್ ಸರ್ವರ್ ನೋಡುವ ಹುಡುಗರ ಹತ್ತಿರ ಇರಬಾರದು, ಪಾಲುದಾರರೊಬ್ಬರ ಹತ್ತಿರ ಇರಲಿ. ಅದನ್ನು ಲೆಕ್ಕದ ಕೋಣೆಯಲ್ಲಿ ಇಡಿ, ಸರ್ವರ್ ಪಕ್ಕದಲ್ಲಿ ಬೇಡ. ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುವುದು ಬೇಡ.

ಒಂದು ತಿಂಗಳ ದಾಖಲೆ ಕೈಗೆ ಬಂದ ಮೇಲೆ ನಿರ್ಬಂಧ. ಪಟ್ಟಿ ತೆಗೆದು ನೋಡಿದರೆ ಆಶ್ಚರ್ಯವಾಗುತ್ತದೆ. 'ಎಲ್ಲಾ ಬೇಕು' ಅಂದವರು ರೂಟ್ ಆಗಿ ಹೊಡೆಯುವುದು ಹೆಚ್ಚೆಂದರೆ ಹತ್ತು ಹದಿನೈದು ಬಗೆಯ ಕಮಾಂಡ್. ಸರ್ವಿಸ್ ರೀಸ್ಟಾರ್ಟ್, ಬ್ಯಾಕಪ್, ಲಾಗ್ ನೋಡುವುದು, ಪ್ರಿಂಟರ್, ಅಪ್‌ಡೇಟ್. ಅವನ್ನೇ, ಪ್ರೋಗ್ರಾಂ ಯಾವ ಫೋಲ್ಡರ್‌ನಲ್ಲಿದೆ ಎಂಬ ಪೂರ್ತಿ ದಾರಿ ಸಮೇತ, ಸುಡೊ ನಿಯಮದಲ್ಲಿ ಬರೆಯಿರಿ. ಬರೆಯಲು 'ವಿಸುಡೊ' ಮಾತ್ರ ಬಳಸಿ. ಅದು ವ್ಯಾಕರಣ ತಪ್ಪಿದ್ದರೆ ಉಳಿಸಲು ಬಿಡಲ್ಲ. ಬೇರೆ ಎಡಿಟರ್‌ನಲ್ಲಿ ಒಂದು ಅಕ್ಷರ ತಪ್ಪಿದರೂ ಸುಡೊ ನಿಂತುಹೋಗಬಹುದು. ಬೇರೆ ಬೇರೆ ಫೈಲಾಗಿ ಇಡುವುದಾದರೆ ಫೈಲ್ ಹೆಸರಿನಲ್ಲಿ ಚುಕ್ಕೆ ಇರಬಾರದು, ಇದ್ದರೆ ಸುಡೊ ಅದನ್ನು ಓದುವುದೇ ಇಲ್ಲ, ತಪ್ಪು ಅಂತಲೂ ಹೇಳಲ್ಲ.

ಈ ಪಟ್ಟಿಯಲ್ಲಿ ಮೂರು ಕಡೆ ತೂತು ಬೀಳುತ್ತದೆ. ಮೊದಲನೆಯದು, ಒಳಗಿನಿಂದ ಶೆಲ್ ಕೊಡುವ ಪ್ರೋಗ್ರಾಂಗಳು. ವಿಐನಿಂದ ಹೊರಗೆ ಹಾರಬಹುದು, ಸುಮ್ನೆ ಫೈಲ್ ಓದುವ 'ಲೆಸ್'ನಿಂದಲೂ ಹಾರಬಹುದು. ಫೈಂಡ್, ಟಾರ್ ಕೂಡ ಬೇರೆ ಕಮಾಂಡ್ ಓಡಿಸಬಲ್ಲವು. ಫೈಲ್ ತಿದ್ದಲು ಬೇಕಿದ್ದರೆ 'ಸುಡೊಎಡಿಟ್' ಕೊಡಿ, ಅದರಲ್ಲಿ ಎಡಿಟರ್ ಓಡುವುದು ಆ ವ್ಯಕ್ತಿಯ ಅಧಿಕಾರದಲ್ಲೇ. ಎರಡನೆಯದು ನಕ್ಷತ್ರ ಚಿಹ್ನೆ. ಲಾಗ್ ಫೋಲ್ಡರ್‌ನ ಯಾವ ಫೈಲನ್ನಾದರೂ 'ಕ್ಯಾಟ್' ಮಾಡಬಹುದು (ತೆರೆದು ಓದಬಹುದು) ಎಂದು ನಕ್ಷತ್ರ ಹಾಕಿ ಬರೆದರೆ, ಆ ನಕ್ಷತ್ರ ಖಾಲಿ ಜಾಗಕ್ಕೂ ಓರೆ ಗೆರೆಗೂ ಹೊಂದಿಕೊಳ್ಳುತ್ತದೆ. ಒಂದು ಲಾಗ್ ಫೈಲ್ ಹೆಸರು ಬರೆದು, ಪಕ್ಕದಲ್ಲೇ ಪಾಸ್‌ವರ್ಡ್‌ಗಳ ಶ್ಯಾಡೋ ಫೈಲ್ ಹೆಸರನ್ನೂ ಬರೆದರೆ ಅದೂ ತೆರೆದುಕೊಳ್ಳುತ್ತದೆ. ಮೂರನೆಯದು ಸ್ಕ್ರಿಪ್ಟ್‌ಗಳು. ಬ್ಯಾಕಪ್ ಸ್ಕ್ರಿಪ್ಟ್‌ಗೆ ಸುಡೊ ಅನುಮತಿ ಕೊಟ್ಟು, ಆ ಸ್ಕ್ರಿಪ್ಟ್ ಫೈಲನ್ನು ಹುಡುಗನೇ ತಿದ್ದಬಹುದಾದರೆ ನೀವು ಕೊಟ್ಟದ್ದು ಪೂರ್ತಿ ರೂಟ್. ಸ್ಕ್ರಿಪ್ಟ್ ರೂಟ್‌ನ ಒಡೆತನದಲ್ಲಿರಲಿ, ಅದಿರುವ ಫೋಲ್ಡರ್ ಕೂಡ.

ಸಾಫ್ಟ್‌ವೇರ್‌ನವರಿಗೆ ಪಟ್ಟಿ ಮಾಡುವುದು ಕಷ್ಟ, ಅವರಿಗೆ ನಿಜವಾಗಿಯೂ ಏನೇನೋ ಬೇಕಾಗುತ್ತದೆ. ಅವರ ಖಾತೆಗೆ ಸುಡೊದ ಔಟ್‌ಪುಟ್ ದಾಖಲೆ ಹಾಕಿ. ಅವರ ಪರದೆಯ ಮೇಲೆ ಬಂದದ್ದೆಲ್ಲ ಉಳಿಯುತ್ತದೆ, 'ಸುಡೊರೀಪ್ಲೇ'ಯಲ್ಲಿ ಸಿನಿಮಾ ನೋಡಿದ ಹಾಗೆ ಮತ್ತೆ ನೋಡಬಹುದು. ಸುಡೊವನ್ನೂ ಹೊಸದಾಗಿ ಇಟ್ಟುಕೊಳ್ಳಬೇಕು. ಸುಮಾರು ಹತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ದೋಷವೊಂದು 2021ರ ಜನವರಿಯಲ್ಲಿ ಹೊರಬಂತು. ಸುಡೊ ಅನುಮತಿಯೇ ಇಲ್ಲದ ಬಳಕೆದಾರರೂ ಅದರಿಂದ ರೂಟ್ ಆಗಬಹುದಿತ್ತು. 2025ರಲ್ಲೂ ಅಂಥದ್ದೇ ಇನ್ನೊಂದು ಸಿಕ್ಕಿತು. ಅಪ್‌ಡೇಟ್ ಮಾಡದ ಸರ್ವರ್‌ನಲ್ಲಿ ಎಷ್ಟು ಚಂದದ ಪಟ್ಟಿ ಬರೆದರೂ ವ್ಯರ್ಥ.

ಬಂದ ಲಾಗ್ ಓದುವವರು ಯಾರು? ಇದನ್ನು ಮೊದಲೇ ನಿರ್ಧರಿಸಿ. ವಾರಕ್ಕೆ ಅರ್ಧ ಗಂಟೆ ಸಾಕು, ಆದರೆ ವ್ಯಕ್ತಿ ಗೊತ್ತಿರಬೇಕು. ಎಲ್ಲ ಸಾಲು ಓದುವುದು ಆಗದ ಮಾತು. ಪಟ್ಟಿಯಲ್ಲಿ ಇಲ್ಲದ ಕಮಾಂಡ್‌ಗೆ ಪ್ರಯತ್ನಿಸಿದವರು, ಯಾರ್ಡ್ ಮುಚ್ಚಿದ ಮೇಲೆ ಲಾಗಿನ್ ಆದವರು, ಕಾವಲಿನ ಫೈಲ್ ಮುಟ್ಟಿದವರು, ಲಾಗ್ ಬಾರದೇ ನಿಂತ ಗಂಟೆಗಳು, ಈ ನಾಲ್ಕು ಒಂದು ಪುಟದಲ್ಲಿ ಬರುವ ಹಾಗೆ ಸ್ಕ್ರಿಪ್ಟ್ ಬರೆಸಿ. ಕೊನೆಯದು ತುಂಬಾ ಮುಖ್ಯ. ಕೆಲಸದ ದಿನ ಎರಡು ಗಂಟೆ ಲಾಗ್ ಖಾಲಿ ಇದ್ದರೆ ಒಂದೋ ಕರೆಂಟ್ ಇರಲಿಲ್ಲ, ಇಲ್ಲವೋ ಯಾರೋ ನಿಲ್ಲಿಸಿದ್ದರು.

ಸಿಬ್ಬಂದಿಗೆ ಮುಚ್ಚಿಟ್ಟು ಮಾಡಬೇಡಿ. ಎಲ್ಲರನ್ನೂ ಕೂರಿಸಿ ಹೇಳಿ. 'ಇಂಥ ತಾರೀಖಿನಿಂದ ಪ್ರತಿ ಕಮಾಂಡ್ ದಾಖಲಾಗುತ್ತದೆ, ಪಾಲುದಾರರದೂ ಸೇರಿ' ಎಂದು ಬರೆದು ಸಹಿ ತೆಗೆದುಕೊಳ್ಳಿ, ಲಾಗಿನ್ ಪರದೆಯಲ್ಲೂ ಅದೇ ಸಾಲು ಇರಲಿ. ಒಬ್ಬರು ತಪ್ಪು ಮಾಡದಿದ್ದರೆ ಅದನ್ನು ತೋರಿಸುವುದೂ ಇದೇ ದಾಖಲೆ ಅಂತ ಬಿಡಿಸಿ ಹೇಳಿ. ಹೋದ ಸೀಸನ್‌ನಿಂದ ನಾಲ್ಕೈದು ಜನ ಅನುಮಾನದ ಕೆಳಗೆ ಕೆಲಸ ಮಾಡುತ್ತಿದ್ದಾರಲ್ಲ, ಅವರೇ ಮೊದಲು ಒಪ್ಪುತ್ತಾರೆ. ಹಳೆಯದನ್ನು ಕೆದಕಿ ಯಾರನ್ನೂ ಹಿಡಿಯಲು ಹೋಗಬೇಡಿ, ಹಂಚಿಕೊಂಡ ರೂಟ್‌ನಲ್ಲಿ ಅದು ಸಾಧ್ಯವಿಲ್ಲ.

ಖರ್ಚು ಅಂದರೆ ಹಳೆಯ ಡೆಸ್ಕ್‌ಟಾಪ್‌ಗೆ ಒಂದು ಡಿಸ್ಕ್, ಸೆಲ್, ಬೇಕಿದ್ದರೆ ಯುಪಿಎಸ್ ಬ್ಯಾಟರಿ, ಗೊತ್ತಿರುವವರ ಕೂಲಿ. ಕೊಯ್ಲು ಮುಗಿದು ರಾಶಿ, ಬೆಟ್ಟೆ ಎಲ್ಲ ಮಂಡಿಗೆ ಮುಗಿಬೀಳುವ ತಿಂಗಳಲ್ಲಿ ಕೈ ಹಾಕಬೇಡಿ. ಮಳೆಗಾಲದಲ್ಲಿ ಲಾಗಿನ್ ಬೇರ್ಪಡಿಸಿ, ದಾಖಲೆ ಶುರು ಮಾಡಿ. ಸುಡೊ ಪಟ್ಟಿ ಹಾಕುವ ದಿನ ಇನ್ನೊಂದು ಕಿಟಕಿಯಲ್ಲಿ ರೂಟ್ ಶೆಲ್ ಒಂದನ್ನು ತೆರೆದೇ ಇಟ್ಟಿರಿ. ಹೊಸ ಪಟ್ಟಿಯಲ್ಲಿ ಇಬ್ಬರು ಹುಡುಗರೂ ಲಾಗಿನ್ ಆಗಿ, ಬ್ಯಾಕಪ್ ತೆಗೆದು, ಸರ್ವಿಸ್ ರೀಸ್ಟಾರ್ಟ್ ಮಾಡಿ ತೋರಿಸುವ ತನಕ ಆ ಕಿಟಕಿ ಮುಚ್ಚಬೇಡಿ.